ನೀರಾನೆ ಸಿಕ್ಕ ಕೊರಕಲು

ಕಲ್ದಾಲೆಯ ಅಜ್ಜ ನಮ್ಮ ಎಲ್ ಮೊಲೊ ಜನರಲ್ಲಿ ಹೆಸರಾದ ನೀರಾನೆ ಬೇಟೆಗಾರ. ಮೊಮ್ಮಗನ ಕಾಲಕ್ಕೆ ನಮ್ಮ ಕಡೆ ನೀರಾನೆಗಳೇ ಇರಲಿಲ್ಲ. ಅವನು ತುರ್ಕಾನಾ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ, ವರ್ಷಕ್ಕೆರಡು ತಿಂಗಳು ಸಂಶೋಧಕರಿಗೆ ಕಲ್ಲಾದ ಮೂಳೆ ಹುಡುಕಿಕೊಡುತ್ತಿದ್ದ.

ಒಂದು ವರ್ಷ, ನೀರಿನಿಂದ ಅರ್ಧ ದಿನದ ನಡಿಗೆಯಾಚೆ, ಒಣ ಕೊರಕಲಲ್ಲಿ ಅವನಿಗೆ ನೀರಾನೆಯ ತಲೆಬುರುಡೆ ಸಿಕ್ಕಿತು. ಕಣ್ಣುಗೂಡುಗಳು ಎದ್ದು ನಿಂತಿದ್ದವು. ಮೈಯೆಲ್ಲ ಮುಳುಗಿಸಿ ಕಣ್ಣಷ್ಟೇ ಮೇಲಿಟ್ಟು ಬದುಕಿದ ಜಾತಿಯದು ಎಂದಳು ಸಂಶೋಧಕಿ ಮುಕಾಮಿ. ಹಲ್ಲು ನೋಡಿ, ಬರೀ ಹುಲ್ಲು ತಿಂದಿದೆ, ಆಗ ಇಲ್ಲೆಲ್ಲ ಹುಲ್ಲುಗಾವಲಿತ್ತು ಎಂದಳು. ಕಲ್ದಾಲೆ ಸುತ್ತ ನೋಡಿದ. ಕರಿಕಲ್ಲು ಬಿಟ್ಟರೆ ಏನಿಲ್ಲ.

"ಕೆರೆ ಇಲ್ಲೀತನ್ಕ ಇತ್ತಾ ಅಮ್ಮಾ? ಮತ್ತೆ ಬರುತ್ತಾ?"

"ಎಷ್ಟು ಸಲ ಬಂದಿದ್ಯೋ, ಎಷ್ಟು ಸಲ ಹೋಗಿದ್ಯೋ. ಇದು ಲಕ್ಷಾಂತರ ವರ್ಷದ ಮಾತು ಕಲ್ದಾಲೆ."

ಅವನ ಕಿವಿಗೆ ಬಿದ್ದದ್ದು 'ಬಂದಿದೆ' ಎಂಬುದಷ್ಟೇ. ಮರುತಿಂಗಳೇ ಗುಡಿಸಲು ಬಿಚ್ಚಿ ದಿಬ್ಬದ ಮೇಲೆ ಕಟ್ಟಿದ. ಮೀನುಗಾರ ನೀರಿಗೆ ಹೆದರಿದನೆಂದು ಊರು ನಕ್ಕಿತು. ಅವನ ಚಿಂತೆ ದಡದಲ್ಲಿದ್ದ ತಾಯಿಯ ಸಮಾಧಿಯದು. ಮೂಳೆಗಳನ್ನು ಮೇಲೆ ತರೋಣವೆಂದಾಗ ತಮ್ಮ ಲೊಮೆರೆ ಸಿಡಿದ.

"ಅಗೆದೂ ಅಗೆದೂ ನಿಂಗೆ ಅವ್ವಾನೂ ಮೂಳೆ ಥರಾನೇ ಕಾಣ್ತಾಳಾ? ಮಲಗಿರೋರನ್ನ ಎಬ್ಬಿಸ್ಬೇಡ."

ಹಿರಿಯರೂ ಹಾಗೆಯೇ ಹೇಳಿದರು. ಕಲ್ದಾಲೆ ಆ ಯೋಚನೆ ಕೈಬಿಟ್ಟ.

ಮೂರು ವರ್ಷದ ನಂತರ, ನಮ್ಮಲ್ಲಿ ಹನಿ ಮಳೆ ಇಲ್ಲದೆಯೂ, ದೂರದ ಬೆಟ್ಟಗಳ ನೀರು ಬಂದು ಸರೋವರ ಏರತೊಡಗಿತು. ದಿನಕ್ಕೊಂದು ಗೇಣು ದಡ ಹೋಯಿತು. ಸಮಾಧಿಗಳ ಕಲ್ಲುಗುಪ್ಪೆಗಳು ಒಂದೊಂದಾಗಿ ಮುಳುಗಿದವು. ಲೊಮೆರೆ ಎದೆಮಟ್ಟದ ನೀರಿಗಿಳಿದು ತಾಯಿಯ ಜಾಗದಲ್ಲಿ ಕಾಲಾಡಿಸಿ ಹುಡುಕುತ್ತಿದ್ದಾಗ, ಮೊಸಳೆ ಇದೆಯೆಂದು ಕಲ್ದಾಲೆಯೇ ಎಳೆದು ತಂದ.

ತಮ್ಮ ಚಾಪೆ, ಬಲೆ ಹೊತ್ತು ದಿಬ್ಬಕ್ಕೆ ಬಂದ. ನಾನು ಹೇಳಿರಲಿಲ್ಲವೇ ಎಂದು ಅಣ್ಣ ಅನ್ನಲಿಲ್ಲ. ಅಂದು ಹಟ ಹಿಡಿಯದೆ ಹೋದೆನೆಂದು ತನ್ನನ್ನೇ ಹಳಿದುಕೊಂಡ.

ಕಳೆದ ವರ್ಷ ಮುಕಾಮಿ ಮತ್ತೆ ಕರೆದಾಗ ಇಬ್ಬರೂ ಹೋದರು. ದಾರಿಯ ಇಳಿಜಾರಿನ ಮಣ್ಣಲ್ಲಿ ಬಸವನಹುಳದ ಚಿಪ್ಪುಗಳ ಪಟ್ಟೆ ಕಂಡಿತು. ಹಳೇ ದಡ, ನೀರು ಒಮ್ಮೆ ಇಲ್ಲೀವರೆಗೂ ಏರಿತ್ತು ಎಂದಳು ಮುಕಾಮಿ. ಲೊಮೆರೆ ಅದನ್ನು ಮುಟ್ಟಿ, ಹಿಂದಿರುಗಿ ದಿಬ್ಬದತ್ತ ನೋಡಿದ.

"ನಮ್ಮನೆ ಇದಕ್ಕಿಂತ ಕೆಳಗಿದ್ಯಲ್ಲ ಅಣ್ಣ?"

"ಹೂಂ. ಕೆಳಗೇ ಇದೆ."

ಇನ್ನೂ ಮೇಲೆ ಹೋದರೆ ಮೀನಿಲ್ಲ, ಕುಡಿಯಲು ನೀರಿಲ್ಲ. ಅವರು ಈಗಲೂ ದಿಬ್ಬದ ಮೇಲೆಯೇ ಇದ್ದಾರೆ.