ಊರೆಲ್ಲ ಮೂಸಿದ ಸೆಂಟು

"ಇದನ್ನ ಯಾರಾದ್ರೂ ಮೂಸ್ಯಾರೇನೋ?" ಎಂದು ಅವ್ವ ಕೇಳಿದಳು. ನಾನು ತಂದುಕೊಟ್ಟ ಸೆಂಟಿನ ಸೀಸೆ ಅವಳ ಕೈಯಲ್ಲಿ, ದೇವರ ಪಟದ ಮುಂದೆ ತಡೆದು ನಿಂತಿತ್ತು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಚನ್ನಗಿರಿಯಲ್ಲಿ ಮೇಷ್ಟ್ರು. ಹೊಸ ಕೋಟು ಹೊಲಿಸುವ ಆಸೆ ಬಿಟ್ಟು ಆ ಸೆಂಟನ್ನು ಕೊಂಡಿದ್ದೆ. ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ದೇವಿಯ ಚಿತ್ರ, ಕೆಳಗೆ 'ಸಾವಿರ ಸಂಪಿಗೆಯ ಸಾರ, ಪರಂಪರೆಯ ಪರಿಮಳ' ಎಂಬ ಬರಹ. ನಮ್ಮ ಹಿತ್ತಿಲ ಸಂಪಿಗೆಯನ್ನು ಕಣ್ಣೆತ್ತಿಯೂ ನೋಡದ ನನಗೆ, ಅದು ಸೀಸೆಯೊಳಗೆ ಕೂತು ಬೊಂಬಾಯಿಯಿಂದ ಬಂದಾಗ ಭಕ್ತಿ ಉಕ್ಕಿತ್ತು.

"ಅಂಗಡಿಗೆ ಬಂದೋರೆಲ್ಲಾ ಮೂಸಿದ್ರವ್ವ. ಮೂಸದೆ ಹೆಂಗೆ ಕೊಳ್ಳಾಕಾಗುತ್ತೆ?" ಎಂದೆ.

"ಮೂಸಿದ ಹೂವು ದೇವರಿಗೆ ಏರಿಸಾಕೆ ಬರಲ್ಲ. ಇದ್ರಾಗೆ ಸಾವಿರ ಹೂವು ಐತೆ ಅಂತೀಯ, ಊರೆಲ್ಲ ಮೂಸೈತೆ ಅಂತೀಯ!"

ಸೀಸೆಯನ್ನು ನನ್ನ ಕೈಗೆ ತುರುಕಿ, ಅವ್ವ ಹಿತ್ತಿಲಿಂದ ಒಂದು ಸಂಪಿಗೆ ಕಿತ್ತು ತಂದಳು. ಉಸಿರು ತಾಗದಂತೆ ಮುಖ ತಿರುಗಿಸಿಕೊಂಡು ದೇವರಿಗೆ ಏರಿಸಿದಳು.

ದೇವರು ಒಲ್ಲದ ಪರಂಪರೆಯನ್ನು ಮರುದಿನ ನಾನೇ ಹಳೆಯ ಕೋಟಿಗೆ ಬಳಿದುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ತರರು ಮೂಗರಳಿಸಿ, "ಜೇಬಿನಾಗೆ ಸಂಪಿಗೆ ಇಟ್ಕಂಡು ಬಂದೀರೇನ್ರೀ? ನನಗೂ ಒಂದು ಕೊಡ್ರಿ" ಎಂದು ಕೈಚಾಚಿದರು. ಬೊಂಬಾಯಿಯ ಹೆಸರೆತ್ತಲು ನಾಚಿಕೆಯಾಯಿತು. "ನಾಳೆ ತರ್ತೀನಿ ಸಾರ್" ಎಂದೆ.