ಆರಾಮ್ ಅದೀನಿ ಎನ್ನುತ್ತಿದ್ದ ಅತ್ತೆ

ಅತ್ತೆಯ ಮುಂಗೈ ತುಂಬ ಕಾದ ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳಿದ್ದವು. ನಮ್ಮಪ್ಪನ ಅಕ್ಕ ಆಕೆ. ತಾಯಿಯಿಲ್ಲದ ನನ್ನನ್ನು ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಪಕ್ಕ ಮಂಡಕ್ಕಿ, ಮಿರ್ಚಿ ಮಾರಿಯೇ ಸಾಕಿದಳು. ಎಣ್ಣೆ ಸಿಡಿದರೆ ಕೈಯನ್ನೊಮ್ಮೆ ಸೆರಗಿಗೆ ಒರೆಸಿ, ಮತ್ತೆ ಬಾಣಲೆಗೆ ಮೆಣಸಿನಕಾಯಿ ಬಿಡುತ್ತಿದ್ದಳು. "ಸುಡಲಿಲ್ಲೇನು?" ಎಂದರೆ, "ಏನಾಗೇತಿ ನನಗ? ಆರಾಮ್ ಅದೀನಿ" ಎನ್ನುವಳು. ಗಿರಾಕಿಗಳ ಮೇಲೆ ಬೇಕಾದಷ್ಟು ಬಾಯಿ ಮಾಡುತ್ತಿದ್ದ ಹೆಂಗಸು, ತನ್ನ ನೋವಿನ ವಿಷಯಕ್ಕೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಆಕೆಯ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ತೆಗೆದರು. ನೋವು ತಿಳಿಯದಿರಲೆಂದು ಅರಿವಳಿಕೆ ಡಾಕ್ಟರಮ್ಮ ಬೆನ್ನೆಲುಬಿನ ಪಕ್ಕ ಸಣ್ಣ ನಳಿಕೆ ಇಟ್ಟು, ನರಗಳ ಸುತ್ತ ಔಷಧಿ ಹೋಗುವಂತೆ ಮಾಡಿದ್ದರು. ಆದರೂ ಮರುದಿನ ಅತ್ತೆ ಕೆಮ್ಮಲೇ ಇಲ್ಲ. ಎಳೆದರೂ ಎಳೆಯದ ಹಾಗೆ ಸಣ್ಣ ಉಸಿರು. ಸಂಜೆಗೆ ಜ್ವರ ಬಂತು. ಕೆಮ್ಮದೆ ಕಫ ಒಳಗೇ ನಿಂತರೆ ಜೀವಕ್ಕೇ ಅಪಾಯ ಎಂದರು ನರ್ಸ್. ಓಡಿಹೋಗಿ ಅರಿವಳಿಕೆ ಡಾಕ್ಟರಮ್ಮನನ್ನು ಕರೆತಂದೆ.

"ನೋವೈತೇನ್ರಿ?" ಡಾಕ್ಟರಮ್ಮ ಕೇಳಿದರು.

"ಇಲ್ರಿ ಯವ್ವಾ, ಆರಾಮ್ ಅದೀನಿ."

ಡಾಕ್ಟರಮ್ಮ ನಮ್ಮೂರ ಹತ್ತಿರದ ಹರಪನಹಳ್ಳಿ ಕಡೆಯವರು. ಈ 'ಆರಾಮ್' ಅವರಿಗೆ ಹೊಸದಲ್ಲ. ಐಸ್ ತುಂಡು ತರಿಸಿ ಗಾಯದ ಪಕ್ಕ ಮುಟ್ಟಿಸಿದರು.

"ತಣ್ಣಗೈತೇನ್ರಿ?"

"ಹೂನ್ರಿ, ಚೊಲೋ ತಣ್ಣಗೈತಿ." ಡಾಕ್ಟರಿಗೆ ಖುಷಿಯಾಗಲೆಂದು ಅತ್ತೆ ಉತ್ಸಾಹದಿಂದಲೇ ಹೇಳಿದಳು.

"ಔಷಧಿ ಹತ್ತಿದ್ರ ಅಲ್ಲಿ ತಣ್ಣಗಿದ್ದದ್ದೂ ಗೊತ್ತಾಗಬಾರದು. ನಳಿಕೆ ಸರದೈತಿ. ಇಷ್ಟೊತ್ತು ಹೆಂಗ ತಡಕೊಂಡ್ರಿ? ಯಾಕ ಹೇಳ್ಲಿಲ್ಲ?"

ಅತ್ತೆಯ ಕಣ್ಣು ತುಂಬಿತು. "ಎಷ್ಟು ಮಂದೀನ ನೋಡ್ತೀರಿ ನೀವು. ನಿಮಗ್ಯಾಕ ತ್ರಾಸು ಅಂತ ಸುಮ್ನಿದ್ದೆ."

"ನೀವು ಹೇಳದಿದ್ರನ ನನಗ ತ್ರಾಸು" ಎಂದು ಅವರು ಹೊಸ ನಳಿಕೆ ಇಟ್ಟರು. ಸ್ವಲ್ಪ ಹೊತ್ತಿಗೆ ಅತ್ತೆ ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಿದಳು, ವಾರ್ಡೆಲ್ಲ ತಿರುಗಿ ನೋಡುವ ಹಾಗೆ. ಅಷ್ಟು ಚಂದದ ಕೆಮ್ಮನ್ನು ನಾನು ಕೇಳಿಲ್ಲ. ಜ್ವರವೂ ಇಳಿಯಿತು.

ಮುಂದಿನ ವರ್ಷ ರೋಗ ಮರಳಿ ಬಂತು. ಈ ಸಲ ಆಪರೇಷನ್ ಮಾಡುವಂತಿರಲಿಲ್ಲ. ಮನೆಯಲ್ಲೇ ಮಲಗಿದ್ದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅತ್ತೆ ನನ್ನ ಅಂಗಿ ಹಿಡಿದು ಜಗ್ಗಿದಳು.

"ತಮ್ಮಾ, ಭಾಳ ನೋಯಾಕತ್ತೈತಿ. ಡಾಕ್ಟ್ರಮ್ಮಗ ಫೋನ್ ಹಚ್ಚು."

ಹಚ್ಚಿದೆ. ನೋವಿನ ಔಷಧಿ ಹೆಚ್ಚಿಸಲು ಹೇಳಿದರು. ಗಂಟಿಕ್ಕಿದ ಹುಬ್ಬು ಸಡಿಲವಾಗಿ ಅತ್ತೆ ನಿದ್ದೆ ಹೋದಳು. ಕೆಲವು ದಿನಗಳಲ್ಲಿ ತೀರಿಕೊಂಡಳು, ನರಳದೆ. ನನ್ನನ್ನು ಸಾಕಿ ಬೆಳೆಸಿದ ಅಷ್ಟು ವರ್ಷಗಳಲ್ಲಿ ಆಕೆ ತನಗಾಗಿ ನನ್ನನ್ನು ಕೇಳಿದ್ದು ಅದೊಂದೇ.