ಇಂಚಕ್ಕನ ಕೋಟಿಗೊಂದು ಬೊಂಬೆ

ಬೀದಿದೀಪಗಳು ಇನ್ನೂ ಆರಿಲ್ಲ. ಲಾಂಡ್ರಿಯ ಪಕ್ಕದ ಪುಟ್ಟ ಅಂಗಡಿಯಿಂದ ಆಗಲೇ ಹೊಲಿಗೆ ಯಂತ್ರದ ಸದ್ದು ಬರುತ್ತಿದೆ. ಶಟರ್ ಅರ್ಧವಷ್ಟೇ ಮೇಲೆದ್ದಿದೆ. ಪೂರ್ತಿ ಎತ್ತುವ ಗೋಜಿಗೆ ಒಡತಿ ಹೋಗುವುದಿಲ್ಲ. ಅರ್ಧಕ್ಕೇ ಅವರು ತಲೆಯೆತ್ತಿ ಒಳಹೋಗುತ್ತಾರೆ. ಬಗ್ಗಬೇಕಾದವರು ಗಿರಾಕಿಗಳು.

ಶಾಲೆಯ ಹುಡುಗರು ಅಣಕಿಸಲು ಇಟ್ಟ ‘ಇಂಚಕ್ಕ’ ಎಂಬ ಹೆಸರನ್ನೇ ಬೋರ್ಡಿಗೆ ಬರೆಸಿದ್ದಾರೆ. ಎತ್ತರ ಎಳವೆಯಲ್ಲೇ ನಿಂತಿತು. ವಯಸ್ಸು ಮಾತ್ರ ಯಾರ ಮಾತೂ ಕೇಳದೆ ನಲವತ್ತು ದಾಟಿದೆ. “ವೆಲ್ಡಿಂಗ್ ಅಂಗಡೀಲಿ ಹೊಲಿಗೆ ಮಷಿನ್ ಕಾಲು ಕೊಯ್ಸಿಬಿಟ್ಟೆ. ನನ್ನ ಕಾಲು ಎಳೆಸೋಕಾಗಲ್ವಲ್ಲ!” ಎನ್ನುತ್ತಾರೆ. ‘ಮೂರ್ತಿ ಚಿಕ್ಕದಾದರೂ...’ ಎಂದು ಯಾರಾದರೂ ಶುರುಮಾಡಿದರೆ ಅವರ ಕೈ ಕತ್ತರಿಯತ್ತ ಹೋಗುತ್ತದೆ.

ಹೊಲಿಗೆ ಕಲಿತದ್ದು ಸಿಟ್ಟಿಗೆ. ಯಾವ ಬಟ್ಟೆ ಅಂಗಡಿಗೆ ಹೋದರೂ ಮಕ್ಕಳ ವಿಭಾಗದತ್ತ ಬೆರಳು ತೋರಿಸುತ್ತಿದ್ದರು. “ಎದೆ ಮೇಲೆ ಕರಡಿಮರಿ ಇರೋ ಅಂಗಿ ಹಾಕ್ಕೊಂಡು ಕೆಲಸ ಕೇಳೋಕೆ ಹೋದೆ. ‘ಅಮ್ಮನ್ನ ಕರ್ಕೊಂಡು ಬಾ ಪುಟ್ಟಿ’ ಅಂದ್ರು.” ದೊಡ್ಡವರ ಬಟ್ಟೆ ತಂದು ಅಂಚು ಕತ್ತರಿಸಿ ನೋಡಿದ್ದೂ ಆಯಿತು. “ಅದು ಗಿಡ್ಡ ಆಗತ್ತೆ, ನನ್ನದಾಗಲ್ಲ. ಮೊಣಕೈ ಬರೋ ಕಡೆ ಮುಂಗೈ, ಸೊಂಟ ಬರೋ ಕಡೆ ಮಂಡಿ.”

ಹಾಗಾಗಿ ಹಳೆಯ ಬಟ್ಟೆಯ ಹೊಲಿಗೆಯನ್ನೆಲ್ಲ ಬಿಚ್ಚಿ, ಮೈಯ ಅಳತೆಗೆ ಹೊಸದಾಗಿ ಕತ್ತರಿಸುವುದು ಅವರ ಪದ್ಧತಿ. ಲಾಂಡ್ರಿಗೆ ಕೊಟ್ಟು ಮರೆತವರ ಬಟ್ಟೆಗಳೇ ಬಂಡವಾಳ. ಹೀಗೆ ಎರಡು ಅನಾಥ ಕೋಟುಗಳಿಂದ ಇಂಚಕ್ಕ ತಮಗೊಂದು ಹೊಲಿದುಕೊಂಡರು: ಬೂದುಬಣ್ಣ, ಎತ್ತಿದ ಕಾಲರು, ಒಳಗೆ ಛತ್ರಿಯ ಕೆಂಪು ಬಟ್ಟೆಯ ಅಸ್ತರು. ರೆಡಿಮೇಡ್ ಅಂಗಡಿಯ ಯಜಮಾನರು ಅದನ್ನು ಕಂಡು, “ಅಕ್ಕಾ, ಇದು ನಮ್ಮ ಗಾಜಿನೊಳಗೆ ನಿಲ್ಬೇಕು, ನಿಮ್ಮ ಹೆಸರೂ ಹಾಕ್ತೀನಿ” ಎಂದು ಒಯ್ದರು.

ಮರುದಿನ ಹೋಗಿ ನೋಡಿದರೆ, ಕೋಟು ತೊಟ್ಟು ನಿಂತಿರುವುದು ಎರಡು ಜುಟ್ಟಿನ ಮಕ್ಕಳ ಬೊಂಬೆ. ಕೈಯಲ್ಲಿ ಬಲೂನು ಬೇರೆ. ಇಂಚಕ್ಕ ಬೊಂಬೆಯ ಮೈಯಿಂದ ಕೋಟು ಬಿಚ್ಚಿಕೊಂಡರು.

“ಈ ಅಳತೆಗೆ ದೊಡ್ಡವರ ಬೊಂಬೆ ಎಲ್ಲೂ ತಯಾರಾಗಲ್ಲಕ್ಕಾ,” ಯಜಮಾನರು ಗೋಗರೆದರು.

“ಯಾಕೆ, ನಾನು ತಯಾರಾಗಿಲ್ವಾ?”

ಮನೆಯಲ್ಲಿ ಅಮ್ಮ ತಲೆ ಚಚ್ಚಿಕೊಂಡರು. “ಬಾಗಿಲಿಗೆ ಬಂದ ಭಾಗ್ಯಾನ ಒದ್ದು ಬಂದಿದೀಯಲ್ಲೇ! ಕೋಟು ಯಾರದ್ದು ಅಂತ ಬೊಂಬೆಗೇನು ಗೊತ್ತಾಗತ್ತೆ?”

“ಬೊಂಬೆಗೆ ಬೇಡಮ್ಮ. ನೋಡೋರಿಗೆ ಗೊತ್ತಾಗ್ಬೇಕು.”

ತಮ್ಮ ಅಳತೆಯ ಬೊಂಬೆಯನ್ನು ತಾವೇ ಮಾಡಲು, ಹಳೆಯ ಬನಿಯನ್ ತೊಟ್ಟು ಇಂಚಕ್ಕ ನಡುಮನೆಯಲ್ಲಿ ನಿಂತರು. ಪಾರ್ಸೆಲ್ಲಿಗೆ ಸುತ್ತುವ ಅಂಟುಪಟ್ಟಿ ಹಿಡಿದು ಅಮ್ಮ ಗೊಣಗುತ್ತಲೇ ಮಗಳ ಸುತ್ತ ಪ್ರದಕ್ಷಿಣೆ ಹಾಕಿದರು. “ಉಸಿರು ಎಳ್ಕೊಳೇ, ಹೊಟ್ಟೆ ಒಳಗೆ ಹೋಗ್ಲಿ.”

“ಬೇಡ. ಉಂಡೋಳ ಹೊಟ್ಟೆ ಹೆಂಗಿರತ್ತೋ ಹಂಗೇ ಇರ್ಲಿ.”

ಪಟ್ಟಿ ಬಿಗಿಯಾದ ಮೇಲೆ ಬೆನ್ನಿನ ಕಡೆ ಸೀಳಿ ಕಳಚಿದರು. ಎಸೆಯದೆ ಕೂಡಿಟ್ಟಿದ್ದ ಬಟ್ಟೆಚೂರುಗಳನ್ನು ಒಳಗೆ ಗಿಡಿದು ತುಂಬಿ, ಸೀಳನ್ನು ಮತ್ತೆ ಅಂಟಿಸಿ, ಕೆಟ್ಟ ಫ್ಯಾನಿನ ಕಂಬಕ್ಕೆ ಏರಿಸಿದರು. ಭುಜ, ಸೊಂಟ, ಬೆನ್ನಿನ ಬಾಗು ಎಲ್ಲವೂ ಅವರದೇ. ಎದುರಿಗಿಟ್ಟು ನೋಡಿದ ಅಮ್ಮ ಸೆರಗಿನಿಂದ ಬೊಂಬೆಯ ಧೂಳು ಒರೆಸಿ, “ಲಕ್ಷಣವಾಗಿದಾಳೆ,” ಎಂದರಂತೆ.

ಬೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದವರನ್ನು ಯಜಮಾನರು ಒಮ್ಮೆ ನೋಡಿದರು, ಬೊಂಬೆಯನ್ನೊಮ್ಮೆ ನೋಡಿದರು. “ಇಬ್ಬಿಬ್ರು ಒಟ್ಟಿಗೇ ಬಂದ್ರೆ ನಾನೇನು ಮಾಡ್ಲಿ?” ಎಂದು ಗಾಜಿನ ಬಾಗಿಲು ತೆಗೆದರು.

ಈಗ ನೀಳಕಾಲಿನ ಬೊಂಬೆಗಳ ನಡುವೆ ಆ ಬೂದು ಕೋಟು ಠೀವಿಯಿಂದ ನಿಂತಿದೆ. ಅದನ್ನು ಕಂಡು ಬಂದವರಲ್ಲಿ ಕೂತಾಗ ಹೊಟ್ಟೆಯ ಬಳಿ ಮುದುಡದ ಅಂಗಿ ಬೇಕೆಂಬ ಗಾಲಿಕುರ್ಚಿಯ ಮೇಷ್ಟ್ರು ಇದ್ದಾರೆ, ಒಂದೇ ಕೈಯಲ್ಲಿ ಹಾಕಿಕೊಳ್ಳಬಲ್ಲ ಗುಂಡಿ ಕೇಳುವ ನರ್ಸ್ ಇದ್ದಾರೆ. ಇಂಚಕ್ಕನಿಗೆ ಪುರುಸೊತ್ತಿಲ್ಲ.

ಆದರೂ ಮೊನ್ನೆ ದಾರಿಯಲ್ಲಿ ಆ ಗಾಜಿನ ಮುಂದೆ ಒಂದು ಗಳಿಗೆ ನಿಂತರಂತೆ. ಒಳಗೆ ತಾಯಿಯೊಬ್ಬಳು ಮಗಳನ್ನು ಮುಂದೆ ನಿಲ್ಲಿಸಿಕೊಂಡು ಆ ಕೋಟನ್ನು ಕೇಳುತ್ತಿದ್ದಳು.

“ಸೇಲ್ಸಿನವನು ಏನಂದ ಗೊತ್ತಾ?” ಎಂದರು ಇಂಚಕ್ಕ. “‘ಇದು ಮಕ್ಕಳದ್ದಲ್ಲಮ್ಮ, ದೊಡ್ಡೋರದು’ ಅಂದ. ನಾನು ಒಳಗೆ ಹೋಗ್ಲಿಲ್ಲ. ಅಷ್ಟು ಕೇಳಿಸ್ಕೊಂಡು ಬಂದ್ಬಿಟ್ಟೆ, ಕೈ ತುಂಬ ಕೆಲಸ ಇತ್ತು.”